ಬೋನ್ಸಾಯ್ ಬೆಂಚು, ಪಕ್ಕದಲ್ಲೊಂದು ಪೈಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಬೋನ್ಸಾಯ್ ಬೆಳೆಸುತ್ತ ಪೈಪ್ ಸೇದುವ ಓದುಗರಿಂದ ಬಂದ ಪ್ರಶ್ನೆಗಳಿಗೆ ಈ ಕಂತು ಮೀಸಲು. ಒಂದೇ ವಿಷಯದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಮಾಡಿದ್ದೇವೆ. ಹಲವರು ಕೇಳಿದ ಆರೋಗ್ಯದ ಪ್ರಶ್ನೆಯನ್ನು ಮೊದಲಿಗೇ ಎತ್ತಿಕೊಳ್ಳುತ್ತೇವೆ.

ಪ್ರಶ್ನೆ: ಸಿಗರೇಟು ಬಿಟ್ಟು ಪೈಪ್ ಹಿಡಿದಿದ್ದೇನೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ. ಇದರಲ್ಲಿ ಅಪಾಯ ಇಲ್ಲ ತಾನೇ?

ಉತ್ತರ: ಇದೆ. ಹೊಗೆ ಎದೆಗಿಳಿಯದಿದ್ದರೂ ಬಾಯಿಯ ಒಳಪದರದ ಮೂಲಕ ನಿಕೋಟಿನ್ ರಕ್ತ ಸೇರುತ್ತದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಪೈಪ್ ಕೂಡ ಕಾರಣವಾಗುತ್ತದೆ. ಸಿಗರೇಟಿನಿಂದ ಪೈಪಿಗೆ ಬಂದವರಿಗೆ ಹೊಗೆಯನ್ನು ಎದೆಗೆ ಎಳೆಯುವ ರೂಢಿ ಗೊತ್ತಿಲ್ಲದಂತೆ ಉಳಿದುಕೊಂಡಿರುತ್ತದೆ, ಅದು ಇನ್ನೂ ಕೆಟ್ಟದ್ದು. ನಾಲಿಗೆಯ ಅಂಚಿನಲ್ಲಿ, ಕೆನ್ನೆಯ ಒಳಗೆ ಅಥವಾ ತುಟಿಯಲ್ಲಿ ಬಿಳಿ ಮಚ್ಚೆಯೋ ವಾಸಿಯಾಗದ ಹುಣ್ಣೋ ಎರಡು ವಾರ ಮೀರಿ ಉಳಿದರೆ ಹಲ್ಲಿನ ವೈದ್ಯರಿಗೆ ತೋರಿಸಿ. ಸೇದದವರು ಈ ಅಂಕಣ ಓದಿ ಶುರುಮಾಡಬೇಡಿ. ಗಿಡ ಬೆಳೆಸಲು ಪೈಪ್ ಬೇಕಿಲ್ಲ. ಈಗಾಗಲೇ ಸೇದುತ್ತಿರುವ ವಯಸ್ಕರಿಗಾಗಿ ಮುಂದಿನ ಉತ್ತರಗಳು.

ಪ್ರಶ್ನೆ: ಜೂನಿಪರ್‌ಗೆ ತಂತಿ ಸುತ್ತುವಾಗ ಬಾಯಲ್ಲಿ ಪೈಪ್ ಇಟ್ಟುಕೊಳ್ಳುತ್ತೇನೆ. ಐದೈದು ನಿಮಿಷಕ್ಕೆ ಆರಿಹೋಗುತ್ತದೆ, ಮತ್ತೆ ಹಚ್ಚಿದರೆ ನಾಲಿಗೆ ಉರಿಯುತ್ತದೆ. ಇಂಥ ಕೆಲಸಕ್ಕೆ ಯಾವ ಮಿಶ್ರಣ ಸರಿ?

ಉತ್ತರ: ಮಿಶ್ರಣ ಬದಲಿಸಿ ಪ್ರಯೋಜನವಿಲ್ಲ, ಹೊತ್ತು ಬದಲಿಸಿ. ಕೊಂಬೆಗೆ ಆಕಾರ ಕೊಡಲು ತಂತಿ ಸುತ್ತುವುದು ಎರಡೂ ಕೈ ಬೇಡುವ ಕೆಲಸ. ಒಂದು ಕೈ ಹಿಂದಿನ ಸುತ್ತನ್ನು ಅದುಮಿ ಹಿಡಿದಿರಬೇಕು, ಇನ್ನೊಂದು ಕೈ 45 ಡಿಗ್ರಿ ಓರೆಯಲ್ಲಿ ಮುಂದಿನ ಸುತ್ತು ಹಾಕಬೇಕು. ಬಗ್ಗಿಸುವಾಗ ಎರಡೂ ಹೆಬ್ಬೆರಳು ಬಾಗಿನ ಒಳಮೈಗೆ ಒತ್ತಿಕೊಂಡಿರಬೇಕು. ಆ ಹೊತ್ತಿನಲ್ಲಿ ಪೈಪಿನ ಬೆಂಕಿ ನೋಡಿಕೊಳ್ಳುವವರು ಯಾರೂ ಇಲ್ಲ. ಗಮನ ಕೊಂಬೆಯ ಮೇಲಿದ್ದಾಗ ದಮ್ಮು ನಿಂತು ಪೈಪ್ ಆರುತ್ತದೆ. ನೆನಪಾದ ಕೂಡಲೇ ಅದನ್ನು ಉಳಿಸಲು ಜೋರಾಗಿ ನಾಲ್ಕಾರು ದಮ್ಮು ಎಳೆಯುತ್ತೀರಿ, ತಂಬಾಕು ತುಂಬಿದ ಬಟ್ಟಲು ಬಿಸಿಯೇರುತ್ತದೆ, ತಂಬಾಕಿನಲ್ಲಿದ್ದ ನೀರು ಬಿಸಿ ಹಬೆಯಾಗಿ ನೇರ ನಾಲಿಗೆಗೆ ಬಡಿಯುತ್ತದೆ. ನಿಮ್ಮ ಎರಡು ದೂರಿಗೂ ಮೂಲ ಒಂದೇ.

ಗಿಡದ ಕಡೆಯಿಂದ ನೋಡಿದರೂ ಇದು ಬೇಡ. ಮುಖ ಕೊಂಬೆಗೆ ಗೇಣುದೂರದಲ್ಲಿರುತ್ತದೆ, ಹೊಗೆ ಕಣ್ಣಿಗೇರುತ್ತದೆ. ಕಣ್ಣು ಮಂಜಾದಾಗ ಹಾಕಿದ ಸುತ್ತು ಎಲೆಯನ್ನೋ ಮೊಗ್ಗನ್ನೋ ಹಿಸುಕಿರುತ್ತದೆ. ಕೊಂಬೆಗೆ ಸುತ್ತಿದ ರಾಫಿಯಾ ನಾರು ಒಣಗಿದ್ದರೆ ಕಿಡಿ ಹಿಡಿಯುತ್ತದೆ. ಅದಕ್ಕಿಂತ ಅಪಾಯದ್ದು ಒಣ ಸ್ಫಾಗ್ನಮ್ ಪಾಚಿ. ಅದರೊಳಗೆ ಬಿದ್ದ ಕೆಂಡ ಉರಿಯೆದ್ದು ಕಾಣಿಸುವುದಿಲ್ಲ, ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಪಾಚಿಯ ಚೀಲ ಬೆಂಚಿನ ಮೇಲಿರುವಾಗ ಪೈಪ್ ಹಚ್ಚಲೇಬಾರದು.

ತಂತಿಯ ಕೆಲಸ ಮುಗಿಸಿ, ಕೈ ತೊಳೆದು, ಗಿಡವನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟು ಎದುರು ಕೂತುಕೊಳ್ಳಿ. ಪೈಪಿನ ಹೊತ್ತು ಅದು. ಸುತ್ತಿದ ತಂತಿ ಸರಿ ಇದೆಯೇ, ಎಡಗಡೆಯ ಕೆಳಕೊಂಬೆ ಉದ್ದವಾಯಿತೇ, ಮುಂಭಾಗ ಸ್ವಲ್ಪ ತಿರುಗಿಸಬೇಕೇ ಎಂಬುದೆಲ್ಲ ಕಾಣುವುದು ಕೈ ಕಟ್ಟಿ ನೋಡುವಾಗಲೇ. ಕೈಯಲ್ಲಿ ಪೈಪ್ ಇದ್ದರೆ ಕತ್ತರಿ ಇರುವುದಿಲ್ಲ ಎಂಬುದೂ ಒಂದು ಅನುಕೂಲ. ಅವಸರಕ್ಕೆ ಕತ್ತರಿಸಿದ ಕೊಂಬೆ ಮರಳಿ ಬರುವುದಿಲ್ಲ.

ಇನ್ನು ಪೈಪ್ ಆರುವ ವಿಚಾರ. ಡಬ್ಬಿಯಿಂದ ತೆಗೆದ ತಂಬಾಕು, ಅದರಲ್ಲೂ ಅದುಮಿ ಹಾಳೆಯಾಗಿ ಕತ್ತರಿಸಿದ ಫ್ಲೇಕ್, ಸಾಮಾನ್ಯವಾಗಿ ಸೇದುವ ಹದಕ್ಕಿಂತ ಹಸಿಯಾಗಿರುತ್ತದೆ. ಒಂದು ಬಟ್ಟಲಿಗಾಗುವ 2–3 ಗ್ರಾಂ ಬಿಡಿಸಿ ಕಾಗದದ ಮೇಲೆ ಹರಡಿ. ಎಳೆಎಳೆಯಾಗಿ ಕತ್ತರಿಸಿದ ರಿಬ್ಬನ್ ಕಟ್‌ಗೆ 10–15 ನಿಮಿಷ, ಫ್ಲೇಕ್‌ಗೆ 20–40 ನಿಮಿಷ ಬೇಕು. ಎರಡು ಬೆರಳಲ್ಲಿ ಹಿಸುಕಿ ಬಿಟ್ಟಾಗ ಉಂಡೆಯಾಗಿ ನಿಲ್ಲದೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಬಂದಿದೆ. ಚರಚರ ಸದ್ದು ಬಂದರೆ ಒಣಗಿದ್ದು ಹೆಚ್ಚಾಯಿತು. ಮೂರು ಕಂತಿನಲ್ಲಿ ತುಂಬಿ: ಮೊದಲಿನದು ಸಡಿಲ, ನಡುವಿನದು ಸ್ವಲ್ಪ ಬಿಗಿ, ಮೇಲಿನದು ಇನ್ನೂ ಬಿಗಿ. ಹಚ್ಚುವ ಮೊದಲೇ ಒಮ್ಮೆ ಎಳೆದು ನೋಡಿ. ಸ್ಟ್ರಾದಲ್ಲಿ ನೀರು ಎಳೆದಷ್ಟು ತಡೆ ಇದ್ದರೆ ಸಾಕು, ಅದಕ್ಕಿಂತ ಬಿಗಿಯಾದರೆ ಸುರಿದು ಮತ್ತೆ ತುಂಬಿ. ಬಿಗಿ ಬಟ್ಟಲನ್ನು ಬೆಂಕಿ ಸರಿಪಡಿಸುವುದಿಲ್ಲ. ಮೊದಲ ಬೆಂಕಿಗೆ ಮೇಲ್ಪದರ ಉಬ್ಬಿ ಏಳುತ್ತದೆ. ತಂಬಾಕು ಅದುಮುವ ಪುಟ್ಟ ಸಾಧನವಾದ ಟ್ಯಾಂಪರ್‌ನಿಂದ ಹಗುರಾಗಿ ಅದುಮಿ ಎರಡನೇ ಸಲ ಹಚ್ಚಿದಾಗಲೇ ನಿಜವಾದ ಕೆಂಡ ನಿಲ್ಲುವುದು. ಬಟ್ಟಲನ್ನು ಅಂಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಕೆಳಗಿಡಿ, ಆರಲಿ. ಒಂದು ಬಟ್ಟಲಿಗೆ ಮೂರು ನಾಲ್ಕು ಸಲ ಹಚ್ಚುವುದು ತಪ್ಪೇನಲ್ಲ.

ನಾಲಿಗೆ ಉರಿಗೆ ಇನ್ನೊಂದು ಕಾರಣವೂ ಇದೆ. ವರ್ಜೀನಿಯಾ ತಳಿಯ ತಂಬಾಕಿನ ಎಲೆಯಲ್ಲಿ ಸಕ್ಕರೆ ಹೆಚ್ಚು, ಅವಸರದಲ್ಲಿ ಸೇದಿದರೆ ತುಂಬ ಬಿಸಿಯಾಗಿ ಉರಿಯುತ್ತದೆ. ಬರ್ಲಿ ಎಂಬ ಇನ್ನೊಂದು ತಳಿಯಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಅದರ ಹೊಗೆ ಕ್ಷಾರೀಯ, ಕೆಲವರಿಗೆ ಅದೇ ಚುರುಕು ಹುಟ್ಟಿಸುತ್ತದೆ. ವರ್ಜೀನಿಯಾ ಸುಟ್ಟರೆ ಬರ್ಲಿ, ಬರ್ಲಿ ಕಚ್ಚಿದರೆ ವರ್ಜೀನಿಯಾ ಎಂದು ಒಂದೊಂದೇ ಬದಲಿಸಿ ನೋಡಿದರೆ ನಿಮ್ಮ ಬಾಯಿಗೆ ಆಗದ್ದು ಯಾವುದೆಂದು ಗೊತ್ತಾಗುತ್ತದೆ.

ಪ್ರಶ್ನೆ: ಪೈಪಿನ ಬೂದಿಯನ್ನು ಕುಂಡಕ್ಕೆ ಹಾಕಿದರೆ ಪೊಟ್ಯಾಷ್ ಸಿಗುತ್ತದೆ ಎನ್ನುತ್ತಾರೆ. ನನ್ನ ಸತ್ಸುಕಿ ಅಜೇಲಿಯಾದ ಎಲೆ ಮಾತ್ರ ಹಳದಿಯಾಗುತ್ತಿದೆ.

ಉತ್ತರ: ಬೂದಿಯಲ್ಲಿ ಪೊಟ್ಯಾಷ್ ಇರುವುದು ನಿಜ. ಜತೆಗೆ ಕ್ಯಾಲ್ಸಿಯಂ ಇದೆ, ಇಡೀ ಬೂದಿಯೇ ಬಲವಾದ ಕ್ಷಾರ. ಅಜೇಲಿಯಾ ಬಯಸುವುದು ಪಿಎಚ್ 5ರ ಆಸುಪಾಸಿನ ಹುಳಿ ಮಣ್ಣನ್ನು, ಅದಕ್ಕಾಗಿಯೇ ಅದನ್ನು ಕನುಮ ಎಂಬ ಜಪಾನಿನ ಹುಳಿ ಮಣ್ಣಿನಲ್ಲಿ ನೆಡುವುದು. ಕ್ಷಾರ ಏರಿದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದು. ಹೊಸ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ ಕಾರಣ ಇದೇ. ಹಳೆಯ ಎಲೆ ಪೂರ್ತಿ ಹಳದಿಯಾಗಿ ಉದುರುತ್ತಿದ್ದರೆ ಅದು ಬೇರೆ ಸಮಸ್ಯೆ, ಹೆಚ್ಚಾಗಿ ನೀರಿನದ್ದು.

ದೊಡ್ಡ ತೋಟದ ಮಣ್ಣು ಒಂದು ಹಿಡಿ ಬೂದಿಯನ್ನು ನುಂಗಿಕೊಳ್ಳುತ್ತದೆ. ಅರ್ಧ ಲೀಟರ್ ಮಣ್ಣಿನ ಬೋನ್ಸಾಯ್ ಕುಂಡಕ್ಕೆ ಆ ಶಕ್ತಿ ಇಲ್ಲ. ಜತೆಗೆ ಬೂದಿಯ ನಯವಾದ ಪುಡಿ ಮಣ್ಣಿನ ಕಾಳುಗಳ ನಡುವಿನ ಗಾಳಿಸಂದುಗಳನ್ನು ಮುಚ್ಚುತ್ತದೆ. 3–6 ಮಿ.ಮೀ. ಕಾಳನ್ನು ಜರಡಿ ಹಿಡಿದು ಪುಡಿ ತೆಗೆದು ಹಾಕಿದವರು, ಮೇಲಿಂದ ಮತ್ತೆ ಪುಡಿ ಸುರಿಯುವುದೇಕೆ? ಈಗ ಮಾಡಬೇಕಾದದ್ದು: ಮೇಲಿನ 1 ಸೆಂ.ಮೀ. ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಚಿಮಟದಿಂದ ಕೆರೆದು ತೆಗೆಯಿರಿ, ಮಳೆನೀರು ಅಥವಾ ಮೆದು ನೀರನ್ನು ಕುಂಡದ ಗಾತ್ರದ ನಾಲ್ಕೈದು ಪಟ್ಟು ಹರಿಸಿ, ಹೊಸ ಕನುಮ ತುಂಬಿ. ನಂತರ ಬೇರಿಗೆ ಸಿಗುವ ರೂಪದ ಕಬ್ಬಿಣವಾದ ಚೀಲೇಟನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಒಮ್ಮೆ ಕೊಡಿ. ಹಳದಿಯಾದ ಎಲೆ ಹಸಿರಾಗಲಿಕ್ಕಿಲ್ಲ. ಮುಂದಿನ ಚಿಗುರಿನ ಬಣ್ಣ ನೋಡಿ ತೀರ್ಮಾನಿಸಿ.

ಬಟ್ಟಲ ತಳದಲ್ಲಿ ಉಳಿಯುವ ಕಪ್ಪು ಒದ್ದೆ ಚೂರಿನಲ್ಲಿ ನಿಕೋಟಿನ್ ಇರುತ್ತದೆ. ಕುಂಡದ ಪಾಚಿಯ ಮೇಲೆ ಕೊಡವಿದರೆ ನಾಯಿ, ಬೆಕ್ಕು, ಮಕ್ಕಳ ಬಾಯಿಗೆ ಸಿಗಬಹುದು, ಅದು ವಿಷ. ಮುಚ್ಚಳವಿರುವ ತಗಡಿನ ಡಬ್ಬಿ ಒಂದನ್ನು ಇದಕ್ಕೇ ಇಟ್ಟುಕೊಳ್ಳಿ.

ಪ್ರಶ್ನೆ: ಮೆಣಸಿನ ಗಿಡವನ್ನು ಬೋನ್ಸಾಯ್ ಮಾಡಿದ್ದೇನೆ. ಎಲೆಯ ಮೇಲೆ ತಿಳಿಹಸಿರು-ಕಡುಹಸಿರು ತೇಪೆಗಳು, ಹೊಸ ಎಲೆ ಸುಕ್ಕು. ಪೈಪ್ ತಂಬಾಕಿನಿಂದ ರೋಗ ಬರುತ್ತದೆ ಎಂದು ಕೇಳಿದೆ. ನಿಜವೇ?

ಉತ್ತರ: ನಿಜ. ಪೈಪ್ ಸೇದುವ ಬೋನ್ಸಾಯ್‌ಗಾರರು ಎಲ್ಲಕ್ಕಿಂತ ಹೆಚ್ಚು ತಿಳಿದಿರಬೇಕಾದ ಸಂಗತಿ ಇದು. ತಂಬಾಕು ಮೊಸಾಯಿಕ್ ವೈರಸ್ ಬಹಳ ಗಟ್ಟಿ ಜೀವಿ. ಎಲೆಯನ್ನು ಒಣಗಿಸಿ, ಹದಮಾಡಿ, ಡಬ್ಬಿಗೆ ತುಂಬಿದ ಮೇಲೂ ಉಳಿದಿರಬಲ್ಲದು. ಇದು ಹರಡುವುದಕ್ಕೆ ಕೀಟವೇ ಬೇಕೆಂದಿಲ್ಲ, ಕೈ ಮತ್ತು ಕತ್ತರಿ ಸಾಕು. ತಂಬಾಕು ಬಿಡಿಸಿದ ಬೆರಳಲ್ಲಿ ಚಿಗುರು ಚಿವುಟಿದಾಗ ಗಾಯದ ರಸದೊಳಗೆ ಸೇರಿಕೊಳ್ಳುತ್ತದೆ. ಮೆಣಸು, ಟೊಮೆಟೊ, ಬದನೆ, ಪೆಟೂನಿಯಾ ಎಲ್ಲ ತಂಬಾಕಿನ ಕುಟುಂಬದವೇ, ಅವಕ್ಕೆ ಸುಲಭವಾಗಿ ಅಂಟುತ್ತದೆ. ಮೆಣಸಿನ ಬೋನ್ಸಾಯ್‌ಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಆಕಾರಕ್ಕಾಗಿ ಅದನ್ನು ಮತ್ತೆ ಮತ್ತೆ ಸವರುತ್ತೀರಿ, ಸವರಿದಷ್ಟು ಸಲ ಹೊಸ ಬಾಗಿಲು ತೆರೆದಂತೆ. ಜೂನಿಪರ್, ಪೈನ್, ಫೈಕಸ್ ಇಟ್ಟುಕೊಂಡವರು ಇದಕ್ಕೆ ಹೆದರಬೇಕಿಲ್ಲ.

ಎಲ್ಲ ಸುಕ್ಕೂ ಮೊಸಾಯಿಕ್ ಅಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಎಲೆಯ ಅಂಚು ಮೇಲಕ್ಕೆ ಮುದುರಿದ್ದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುರಿ ಅಡಿಭಾಗ ಕಂಚಿನ ಬಣ್ಣಕ್ಕೆ ತಿರುಗಿದ್ದರೆ ಮೈಟ್ ನುಸಿ ಇರುವ ಸಾಧ್ಯತೆ ಹೆಚ್ಚು. ಬಿಳಿನೊಣದಿಂದ ಬರುವ ಮುಟುರು ರೋಗದಲ್ಲಿ ಎಲೆ ಚಿಕ್ಕದಾಗಿ ಗೊಂಚಲು ಕಟ್ಟುತ್ತದೆ. ಮುದುರುವಿಕೆಗಿಂತ ತೇಪೆ ಬಣ್ಣವೇ ಎದ್ದು ಕಾಣುತ್ತಿದ್ದರೆ ಮೊಸಾಯಿಕ್ ಎಂದು ಅನುಮಾನಿಸಿ.

ಮೊಸಾಯಿಕ್‌ಗೆ ಮದ್ದಿಲ್ಲ. ಗಿಡವನ್ನು ಪ್ರತ್ಯೇಕಿಸಿ, ರೋಗ ಖಚಿತವಾದರೆ ಬೇರುಸಹಿತ ಕಸಕ್ಕೆ ಹಾಕಿ. ಗೊಬ್ಬರದ ಗುಂಡಿಗೆ ಹಾಕಬೇಡಿ, ಮಣ್ಣನ್ನೂ ಮರುಬಳಸಬೇಡಿ. ಇನ್ನೊಂದು ಮಾತು: ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಕು ಎಂಬ ನಂಬಿಕೆ ಬೋನ್ಸಾಯ್‌ಗಾರರಲ್ಲಿ ಬಲವಾಗಿದೆ. ಈ ವೈರಸ್ಸಿಗೆ ಸ್ಪಿರಿಟ್ ಹೆಚ್ಚೇನೂ ಮಾಡುವುದಿಲ್ಲ. ಕೆನೆ ತೆಗೆದ ಹಾಲಿನ ಪುಡಿ 20 ಗ್ರಾಂ ತೆಗೆದುಕೊಂಡು ನೀರು ಬೆರೆಸಿ 100 ಮಿ.ಲೀ. ಮಾಡಿ, ಕೈ ಮತ್ತು ಕತ್ತರಿಯನ್ನು ಅದರಲ್ಲಿ ಅದ್ದಿ ಕೆಲಸ ಮಾಡಿ. ಹಾಲಿನ ಪ್ರೋಟೀನು ವೈರಸ್ಸನ್ನು ಸುತ್ತುವರಿದು ಅಂಟದಂತೆ ಮಾಡುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಅದ್ದಬೇಕು. ಮನೆಬಳಕೆಯ ಬ್ಲೀಚ್ 1 ಭಾಗಕ್ಕೆ 9 ಭಾಗ ನೀರು ಸೇರಿಸಿದ ದ್ರಾವಣವೂ ಆಗುತ್ತದೆ, ಆದರೆ ಕಾರ್ಬನ್ ಸ್ಟೀಲ್ ಕತ್ತರಿಗೆ ತುಕ್ಕು ಹಿಡಿಯುವುದರಿಂದ ಕೂಡಲೇ ತೊಳೆದು, ಒರೆಸಿ, ಎಣ್ಣೆ ಸವರಬೇಕು. ತಂಬಾಕು ಮುಟ್ಟಿದ ಮೇಲೆ ಸೋಪಿನಿಂದ ಉಗುರಿನ ಸಂದಿಯವರೆಗೂ ಉಜ್ಜಿ ಕೈ ತೊಳೆಯದೆ ಮೆಣಸಿನ ಗಿಡದ ಹತ್ತಿರ ಹೋಗಬೇಡಿ.

ಪ್ರಶ್ನೆ: ಹಳೆಯದಾಗಿ ಒಣಗಿದ ಪೈಪ್ ತಂಬಾಕನ್ನು ನೀರಿನಲ್ಲಿ ಕುದಿಸಿ ಗಿಡದ ಹೇನಿಗೆ ಸಿಂಪಡಿಸಬಹುದೇ?

ಉತ್ತರ: ಬೇಡ. ಹೊಗೆಸೊಪ್ಪಿನ ಕಷಾಯ ಹೇನನ್ನು ಕೊಲ್ಲುತ್ತದೆ ಎಂಬುದು ಹಳೆಯ ಅನುಭವ, ಸುಳ್ಳಲ್ಲ. ಆದರೆ ಕುದಿಸಿದ ನೀರಿನಲ್ಲಿ ಎಷ್ಟು ನಿಕೋಟಿನ್ ಇಳಿದಿದೆ ಎಂದು ಅಳೆಯುವ ದಾರಿ ಮನೆಯಲ್ಲಿಲ್ಲ, ಚರ್ಮದ ಮೂಲಕವೂ ಅದು ಒಳಗಿಳಿಯುತ್ತದೆ, ಜೇನ್ನೊಣಕ್ಕೂ ವಿಷ. ಅಲ್ಲದೆ ಪೈಪ್ ಮಿಶ್ರಣಕ್ಕೆ ಸಕ್ಕರೆ ಪಾಕ, ಸುವಾಸನೆ, ತೇವ ಹಿಡಿಯಲು ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರುತ್ತಾರೆ. ಎಲೆಯ ಮೇಲೆ ಅಂಟು ಉಳಿದು ಇರುವೆ, ಕಪ್ಪು ಬೂಷ್ಟು ಎರಡನ್ನೂ ಕರೆಯುತ್ತದೆ. ವೈರಸ್ಸಿನ ಮಾತು ಮೇಲೆಯೇ ಆಯಿತು.

ಹೇನಿಗೆ ಮೊದಲು ಬರಿ ನೀರಿನ ಚಿಮ್ಮುಧಾರೆ ಸಾಕು. ಹೋಗದಿದ್ದರೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ಬೆರೆಯಲು 1–2 ಮಿ.ಲೀ. ದ್ರವ ಸೋಪು ಸೇರಿಸಿ, ಮಣ್ಣಿಗೆ ಬಟ್ಟೆ ಮುಚ್ಚಿ, ಬಿಸಿಲಿಳಿದ ಮೇಲೆ ಎಲೆಯ ಅಡಿಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಕೊಂಬೆಯ ಕವಲಿನಲ್ಲಿ ಅಡಗುವ ಹಿಟ್ಟು ತಿಗಣೆಗೆ ನಿಮ್ಮ ಪೈಪ್ ಪೆಟ್ಟಿಗೆಯಲ್ಲೇ ಒಳ್ಳೆಯ ಆಯುಧವಿದೆ. ಬಳಸದ ಹೊಸ ಪೈಪ್ ಕ್ಲೀನರ್ ಅನ್ನು ಸ್ಪಿರಿಟ್‌ನಲ್ಲಿ ಅದ್ದಿ ಬಗ್ಗಿಸಿದರೆ ಹತ್ತಿಕಡ್ಡಿ ಹೋಗದ ಸಂದಿಗೂ ಹೋಗುತ್ತದೆ. ಮೊದಲು ಒಂದು ಎಲೆಗೆ ತಾಗಿಸಿ, ಮಾರನೇ ದಿನ ಸುಡದಿದ್ದರೆ ಮುಂದುವರಿಸಿ.

ಪ್ರಶ್ನೆ: ತಂಬಾಕಿನ ಜಾಡಿಗಳನ್ನು ಗಿಡಗಳ ಹಸಿರುಮನೆಯ ಕಪಾಟಿನಲ್ಲೇ ಇಟ್ಟಿದ್ದೆ. ಒಂದು ಜಾಡಿಯಲ್ಲಿ ಬಿಳಿ ಪದರ ಕಾಣಿಸಿದೆ. ಬೂಷ್ಟೋ, ಹಳತಾದಾಗ ಬರುವ ಹರಳೋ?

ಉತ್ತರ: ದೀಪದ ಕೆಳಗೆ ಎಲೆಯನ್ನು ಹೊರಳಿಸಿ ನೋಡಿ. ಹರಳಾದರೆ ಮಿನುಗುತ್ತದೆ, ಎಲೆಗೆ ಅಂಟಿಕೊಂಡಂತೆ ಚಪ್ಪಟೆಯಾಗಿರುತ್ತದೆ, ವಾಸನೆ ಒಣಹಣ್ಣಿನಂತೆ ಸಿಹಿ. ಬೂಷ್ಟಾದರೆ ಮಿನುಗದು, ಎಳೆಎಳೆಯಾಗಿ ಎದ್ದು ನಿಂತಿರುತ್ತದೆ, ಮೂಸಿದರೆ ಮುಗ್ಗಲು. ಬೂಷ್ಟು ಒಂದು ಮೂಲೆಯಲ್ಲಿ ಕಂಡರೂ ಇಡೀ ಜಾಡಿಯನ್ನು ಚೆಲ್ಲಬೇಕು. ಕಣ್ಣಿಗೆ ಕಾಣುವಷ್ಟನ್ನೇ ತೆಗೆದು ಉಳಿದದ್ದನ್ನು ಸೇದುವ ಜಿಪುಣತನ ಬೇಡ.

ಹಸಿರುಮನೆ ಗಿಡಕ್ಕೆ ಎಷ್ಟು ಒಳ್ಳೆಯದೋ ತಂಬಾಕಿಗೆ ಅಷ್ಟೇ ಕೆಟ್ಟದ್ದು. ಹಗಲು ಕಾವು, ರಾತ್ರಿ ತಂಪು. ಜಾಡಿಯೊಳಗಿನ ತೇವ ಹಗಲು ಆವಿಯಾಗಿ ರಾತ್ರಿ ಗಾಜಿನ ಮೇಲೆ ಹನಿಗಟ್ಟಿ ಎಲೆಯ ಮೇಲೆ ಇಳಿಯುತ್ತದೆ, ಆ ಜಾಗದಲ್ಲೇ ಬೂಷ್ಟು ಹುಟ್ಟುವುದು. ರಬ್ಬರ್ ಪಟ್ಟಿಯ ಮುಚ್ಚಳವಿರುವ ಗಾಜಿನ ಜಾಡಿಯನ್ನು ಕುದಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತುಂಬಿ, ಬೆಳಕಿಲ್ಲದ ಕಪಾಟಿನಲ್ಲಿ 18–22 ಡಿಗ್ರಿ ಆಸುಪಾಸಿನಲ್ಲಿ ಏರಿಳಿತವಿಲ್ಲದಂತೆ ಇಡಿ. ದೊಡ್ಡ ಜಾಡಿ ಒಂದಕ್ಕಿಂತ 250 ಮಿ.ಲೀ.ಯ ಸಣ್ಣವು ನಾಲ್ಕು ವಾಸಿ, ಒಂದು ಕೆಟ್ಟರೂ ಮೂರು ಉಳಿಯುತ್ತವೆ. ಹೆಸರು ಮತ್ತು ತುಂಬಿದ ತಿಂಗಳು ಬರೆದಿಡಿ. ವರ್ಜೀನಿಯಾ ವರ್ಷಗಟ್ಟಲೆ ಇಟ್ಟಷ್ಟೂ ರುಚಿ ಮೆದುವಾಗುತ್ತದೆ, ಲಟಾಕಿಯಾ ಎಂಬ ತಂಬಾಕು ತನ್ನ ಹೊಗೆಯ ಗಡಸು ಕಳೆದುಕೊಳ್ಳುತ್ತ ಹೋಗುತ್ತದೆ. ಸುವಾಸನೆ ಬೆರೆಸಿದ ಮಿಶ್ರಣಗಳನ್ನು ಇಡುವುದರಿಂದ ಲಾಭವಿಲ್ಲ.

ಒಣಗಿದ ತಂಬಾಕಿಗೆ ತೇವ ಬರಲೆಂದು ಹಣ್ಣಿನ ಸಿಪ್ಪೆ ಹಾಕುವ ಪದ್ಧತಿ ಬೂಷ್ಟಿಗೆ ಕೊಟ್ಟ ಆಮಂತ್ರಣ. ಅದರ ಬದಲು ತಂಬಾಕನ್ನು ಪಾತ್ರೆಯಲ್ಲಿ ಹರಡಿ, ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಎಲೆಗೆ ತಾಗದಂತೆ ಪಾತ್ರೆಯ ಬಾಯಿಗೆ ಕಟ್ಟಿ, ಎರಡು ಮೂರು ಗಂಟೆಗೊಮ್ಮೆ ಕೈಯಾಡಿಸಿ ನೋಡಿ. ಡಬ್ಬಿಯ ತಳದ ಪುಡಿಯನ್ನು 2 ಮಿ.ಮೀ. ಜರಡಿಯಲ್ಲಿ ಸೋಸಿ ತೆಗೆಯಿರಿ, ಪುಡಿ ಹೊಗೆಯ ದಾರಿ ಕಟ್ಟುತ್ತದೆ. ಮಣ್ಣಿನ ಜರಡಿಯನ್ನೇ ಬಳಸುವಷ್ಟು ಉಳಿತಾಯ ಮಾತ್ರ ಬೇಡ.

ಪ್ರಶ್ನೆ: ಅಡೀನಿಯಂ ಸವರಿದ ಮೇಲೆ ಪೈಪ್ ಸೇದಿದೆ, ಬಾಯೆಲ್ಲ ಕಹಿ. ಜೊತೆಗೆ ಪೈಪಿನ ಕಪ್ಪು ಸ್ಟೆಮ್ (ಬಾಯಿಗಿಡುವ ಕೊಳವೆ) ಹಸಿರುಗಂದು ಬಣ್ಣಕ್ಕೆ ತಿರುಗಿದೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಇಲ್ಲ, ಎರಡೂ ಬೇರೆ ಬೇರೆ. ಅಡೀನಿಯಂ ರಸದಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷವಿದೆ, ಕಣಗಿಲೆಯದ್ದೂ ಅದೇ ಬಗೆಯ ವಿಷ. ಬೆರಳಿನಿಂದ ಸ್ಟೆಮ್‌ಗೆ, ಸ್ಟೆಮ್‌ನಿಂದ ಬಾಯಿಗೆ ಹೋದದ್ದು ಅದೇ ಇರಬೇಕು. ವಾಂತಿ, ತಲೆಸುತ್ತು, ಎದೆಬಡಿತದಲ್ಲಿ ವ್ಯತ್ಯಾಸ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಗಿಡದ ಹೆಸರು ಹೇಳಿ. ಇನ್ನು ಮುಂದೆ ಇಂಥ ಗಿಡಗಳಿಗೆ ನೈಟ್ರೈಲ್ ಕೈಗವಸು ಹಾಕಿ. ಫೈಕಸ್ಸಿನ ಹಾಲು, ಜೂನಿಪರ್‌ನ ಅಂಟು ಸೋಪಿಗೆ ಜಗ್ಗದಿದ್ದರೆ ಮೊದಲು ಅಡುಗೆ ಎಣ್ಣೆ ಉಜ್ಜಿ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಾಕಿ. ಬೋನ್ಸಾಯ್‌ನ ಒಣಗಿದ ಮರದ ಭಾಗಕ್ಕೆ ಸುಣ್ಣಗಂಧಕದ ದ್ರಾವಣ ಬಳಿದ ದಿನ, ಕೀಟನಾಶಕ ಹೊಡೆದ ದಿನ ಸ್ನಾನವಾಗುವವರೆಗೆ ಪೈಪ್ ಮುಟ್ಟಬೇಡಿ.

ಸ್ಟೆಮ್‌ನ ಬಣ್ಣ ಬಿಸಿಲಿನ ಕೆಲಸ. ಅದು ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬೆಳಕು, ಎಂಜಲು ತಾಗಿ ಮೇಲ್ಮೈ ಉತ್ಕರ್ಷಣಗೊಳ್ಳುತ್ತದೆ, ಗಂಧಕದ ರುಚಿ ಬಿಡುತ್ತದೆ. ಬೋನ್ಸಾಯ್ ಬೆಂಚು ಬಿಸಿಲಿಗಾಗಿಯೇ ಇಟ್ಟ ಜಾಗವಾದ್ದರಿಂದ ಪೈಪ್ ಇಡಲು ಅದು ತಕ್ಕ ಸ್ಥಳವಲ್ಲ. ಪೈಪ್ ಪೂರ್ತಿ ತಣ್ಣಗಾದ ಮೇಲೆ ಸ್ಟೆಮ್ ಬಿಚ್ಚಿ, 400ರ ನೀರು-ಮರಳು ಕಾಗದದಿಂದ ಶುರುಮಾಡಿ 800, 1500, 2000ರವರೆಗೆ ಒದ್ದೆ ಮಾಡಿಕೊಂಡೇ ಉಜ್ಜಿ ಹೊಳಪು ಕೊಡಿ. ಬಿಸಿಯಿರುವಾಗ ಬಿಚ್ಚಿದರೆ ಕೀಲು ಸಡಿಲವಾಗುತ್ತದೆ, ಮರದ ಕೊರಳು ಸೀಳಲೂಬಹುದು. ಈ ತಲೆನೋವೇ ಬೇಡವೆನ್ನುವವರಿಗೆ ಅಕ್ರಿಲಿಕ್ ಸ್ಟೆಮ್ ಇದೆ, ಬಣ್ಣ ಕೆಡುವುದಿಲ್ಲ, ಹಲ್ಲಿಗೆ ಸ್ವಲ್ಪ ಗಡಸು.

ಪ್ರಶ್ನೆ: ಮುಚ್ಚಿದ ಕೋಣೆಯಲ್ಲಿ ಪೈಪ್ ಸೇದಿದರೆ ಅಲ್ಲಿರುವ ಫೈಕಸ್ ಎಲೆ ಉದುರಿಸುತ್ತದೆಯೇ?

ಉತ್ತರ: ಹೊಗೆಯಲ್ಲಿ ಎಥಿಲೀನ್ ಇದೆ, ಎಲೆ ಉದುರಿಸುವ ಅನಿಲ ಅದು. ಆದರೂ ಫೈಕಸ್ ಎಲೆ ಉದುರಿದರೆ ಮೊದಲು ಜಾಗ ಬದಲಾಯಿತೇ, ಬೆಳಕು ತಗ್ಗಿತೇ, ತಂಪುಗಾಳಿ ನೇರ ಬಡಿಯುತ್ತಿದೆಯೇ ಎಂದು ನೋಡಿ. ಎಲೆಯ ಮೇಲೆ ಕಂದು ಜಿಡ್ಡು ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಚ್ಚಿದ ಕೋಣೆಯಲ್ಲಿ ಸೇದದಿರಲು ಫೈಕಸ್ ಚಿಕ್ಕ ಕಾರಣ, ಆ ಮನೆಯಲ್ಲಿ ಉಸಿರಾಡುವ ಮನುಷ್ಯರು ದೊಡ್ಡ ಕಾರಣ.

ಪ್ರಶ್ನೆ: ಗಿಡ ನೋಡುತ್ತ ಕೂರುವ ಹೊತ್ತಿಗೆ ಒಪ್ಪುವ ಮಿಶ್ರಣ ಯಾವುದು? ನಾನೇ ಬೆರೆಸಬೇಕೆಂದಿದ್ದೇನೆ.

ಉತ್ತರ: ರುಚಿ ನಿಮ್ಮದು, ಲೆಕ್ಕ ಮಾತ್ರ ನಾವು ಕೊಡಬಹುದು. ನಿಧಾನವಾಗಿ ಉರಿಯುವ ಕಟ್ ಇರಲಿ. 20 ಮಿ.ಮೀ. ಅಗಲ, 35–40 ಮಿ.ಮೀ. ಆಳದ ಬಟ್ಟಲು ತುಂಬಿದ ಫ್ಲೇಕ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬರುತ್ತದೆ. ಅದೇ ಬಟ್ಟಲಿನ ಸಡಿಲ ರಿಬ್ಬನ್ ಅದಕ್ಕಿಂತ ಬೇಗ ಮುಗಿಯುತ್ತದೆ.

ಮೊದಲ ಬೆರಕೆಗೆ 50 ಗ್ರಾಂ ಸಾಕು. ವರ್ಜೀನಿಯಾ ರಿಬ್ಬನ್ 30, ಓರಿಯಂಟಲ್ 10, ಲಟಾಕಿಯಾ 10 ಗ್ರಾಂ. ವರ್ಜೀನಿಯಾ ಸಿಹಿ ಕೊಡುತ್ತದೆ, ಬಿಸಿಲಲ್ಲಿ ಒಣಗಿಸಿದ ಸಣ್ಣೆಲೆಯ ಓರಿಯಂಟಲ್ ಒಂದಿಷ್ಟು ಹುಳಿ ಮತ್ತು ಮಸಾಲೆಯ ಸುಳಿವು ಕೊಡುತ್ತದೆ, ಹೊಗೆಯಲ್ಲಿ ಹದಮಾಡಿದ ಲಟಾಕಿಯಾ ಸೌದೆಹೊಗೆಯ ಘಮ ತರುತ್ತದೆ. ಹೊಗೆ ವಾಸನೆ ಒಗ್ಗದವರು ಲಟಾಕಿಯಾ ಬಿಟ್ಟು ವರ್ಜೀನಿಯಾ 46 ಗ್ರಾಂಗೆ ಪೆರೀಕ್ 4 ಗ್ರಾಂ ಬೆರೆಸಿ ನೋಡಿ. ಲೂಯಿಸಿಯಾನದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಪೀಪಾಯಿಯೊಳಗೆ ತಿಂಗಳುಗಟ್ಟಲೆ ಅದುಮಿ ಹುದುಗಿಸುವ ಈ ಎಲೆ ಮೆಣಸಿನಷ್ಟು ಚುರುಕು, 10–15 ಶೇಕಡಾ ದಾಟಿದರೆ ಉಳಿದ ರುಚಿಯನ್ನೆಲ್ಲ ಮುಚ್ಚಿಬಿಡುತ್ತದೆ. ಮೂರೂ ಎಲೆಗಳ ತೇವ ಒಂದೇ ಆಗಿರಬೇಕು, ಇಲ್ಲದಿದ್ದರೆ ಒಂದು ಉರಿದು ಇನ್ನೊಂದು ಆರುತ್ತದೆ. ಬೆರೆಸಿ ಜಾಡಿಗೆ ಹಾಕಿ ಎರಡು ವಾರ ಮುಟ್ಟಬೇಡಿ. ಬೆರೆಸಿದ ದಿನವೇ ಸೇದಿ ಅಳತೆ ಬದಲಿಸಹೊರಟವರು ಯಾವತ್ತೂ ಒಂದು ಅಳತೆಗೆ ಬಂದು ನಿಲ್ಲುವುದಿಲ್ಲ. ಬದಲಿಸುವಾಗಲೂ ಒಂದು ಸಲಕ್ಕೆ ಒಂದೇ ಎಲೆ, ಅದೂ 2–3 ಗ್ರಾಂ ಮಾತ್ರ.

ಲಟಾಕಿಯಾ ಪ್ರಿಯರಿಗೆ ಒಂದು ಎಚ್ಚರಿಕೆ. ಅದನ್ನು ಸೇದಿದ ಮೇಲೆ ಮೂಗು ಸ್ವಲ್ಪ ಹೊತ್ತು ಬೇರೇನನ್ನೂ ಹಿಡಿಯದು. ಬೇರು ಕೊಳೆತಿದೆಯೇ ಎಂದು ತಿಳಿಯಲು ಕುಂಡದ ತೂತನ್ನು ಮೂಸಿ ನೋಡುವುದೇ ಬೇಗದ ಪರೀಕ್ಷೆ. ಆರೋಗ್ಯದ ಮಣ್ಣು ಮಳೆ ಬಿದ್ದ ನೆಲದಂತೆ ವಾಸನೆ ಬೀರುತ್ತದೆ, ಕೊಳೆತದ್ದು ಹುಳಿ ನಾತ. ಆ ಪರೀಕ್ಷೆ ಪೈಪ್ ಹಚ್ಚುವ ಮೊದಲೇ ಮುಗಿಯಬೇಕು.

ಪ್ರಶ್ನೆ: ಬೋನ್ಸಾಯ್‌ನಿಂದ ಕತ್ತರಿಸಿದ ದಪ್ಪ ಕೊಂಬೆಯಲ್ಲಿ ಪೈಪ್ ಮಾಡಬಹುದೇ? ಟ್ಯಾಂಪರ್?

ಉತ್ತರ: ಪೈಪ್ ಕಷ್ಟ. ಬಟ್ಟಲಿನ ಗೋಡೆ 6–7 ಮಿ.ಮೀ. ಆದರೂ ಬೇಕು, ಅಂದರೆ 35–40 ಮಿ.ಮೀ. ಅಗಲದ, ಸೀಳಿಲ್ಲದ ತುಂಡು ಬೇಕು. ಮೇಲಾಗಿ ಸಾಮಾನ್ಯ ಮರ ಬೆಂಕಿಗೆ ತಡೆಯುವುದಿಲ್ಲ. ಪೈಪಿಗೆ ಬಳಸುವ ಬ್ರಯರ್ ಎಂಬುದು ಎರಿಕಾ ಆರ್ಬೋರಿಯಾ ಗಿಡದ ಬುಡದಲ್ಲಿ ದಶಕಗಳ ಕಾಲ ಬೆಳೆದ ಗಂಟು. ಅದನ್ನು ಗಂಟೆಗಟ್ಟಲೆ ಕುದಿಸಿ ಒಗರು ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ.

ಟ್ಯಾಂಪರ್ ಆರಾಮವಾಗಿ ಆಗುತ್ತದೆ. ಬಾಕ್ಸ್‌ವುಡ್, ಆಲಿವ್‌ನಂಥ ಗಟ್ಟಿ ಮರದ 20 ಮಿ.ಮೀ. ದಪ್ಪ, 10 ಸೆಂ.ಮೀ. ಉದ್ದದ ತುಂಡು ಆರಿಸಿ. ತೊಗಟೆ ಬಿಡಿಸದೆ ಎರಡೂ ತುದಿಗೆ ಮೇಣ ಅಥವಾ ಗಾಯದ ಲೇಪ ಬಳಿದು ನೆರಳಿನಲ್ಲಿ ಆರು ತಿಂಗಳು ಇಡಿ. ತುದಿ ಬೇಗ ಒಣಗಿ ನಡು ಹಸಿ ಉಳಿದಾಗಲೇ ಮರ ಸೀಳುವುದು. ತೂಕ ಇಳಿಯುವುದು ನಿಂತ ಮೇಲೆ ಕೆತ್ತಿ. ಅದುಮುವ ತುದಿ 14–15 ಮಿ.ಮೀ. ಇದ್ದು ತಟ್ಟೆಯಂತೆ ಸಮವಾಗಿರಲಿ, ಅಲ್ಲಿಗೆ ಬಣ್ಣ, ವಾರ್ನಿಷ್ ಹಚ್ಚಬೇಡಿ. ಜೂನಿಪರ್ ಒಣಕೊಂಬೆ ನೋಡಲು ಚೆಂದ, ಕಾವಿಗೆ ಅಂಟು ಬಿಡುತ್ತದೆ. ಯೂ ಮತ್ತು ಕಣಗಿಲೆ ಮರ ವಿಷ, ಕೆತ್ತುವ ಧೂಳೂ ಸೇರಿ.

ಪ್ರಶ್ನೆ: ಹಾಗಾದರೆ ಆ ಎರಿಕಾವನ್ನೇ ಬೋನ್ಸಾಯ್ ಮಾಡಿದರೆ?

ಉತ್ತರ: ಮಾಡಬಹುದು. ಮೆಡಿಟರೇನಿಯನ್ ಸೀಮೆಯ ಗಿಡ, ಕಾಡ್ಗಿಚ್ಚಿನಲ್ಲಿ ಮೇಲಿನದೆಲ್ಲ ಸುಟ್ಟರೂ ಬುಡದ ಗಂಟಿನಿಂದ ಮತ್ತೆ ಚಿಗುರುತ್ತದೆ, ಹಾಗಾಗಿ ಗಟ್ಟಿಯಾಗಿ ಸವರಿದರೂ ತಡೆಯುತ್ತದೆ. ಬೇರು ಮಾತ್ರ ಕೂದಲೆಳೆಯಷ್ಟು ಸಣ್ಣ. ಒಮ್ಮೆ ಪೂರ್ತಿ ಒಣಗಿತೆಂದರೆ ಮೇಲಿನ ಎಲೆ ಇನ್ನೂ ಹಸಿರಾಗಿರುವಾಗಲೇ ಗಿಡ ಸತ್ತಿರುತ್ತದೆ. ಸುಣ್ಣವಿಲ್ಲದ ನೀರು, ಕನುಮದಂಥ ಹುಳಿ ಮಣ್ಣು, ಪೂರ್ತಿ ಬಿಸಿಲು ಬೇಕು. ಕುಂಡ ಬದಲಿಸುವಾಗ ಬೇರಿನ ಮಣ್ಣನ್ನು ನೀರಿನಿಂದ ತೊಳೆಯಬೇಡಿ, ಅಂಚಿನಲ್ಲಿ ಕಾಲುಭಾಗದಷ್ಟು ಮಾತ್ರ ಕತ್ತರಿಸಿ. ಹೂ ಮುಗಿದ ಕೂಡಲೇ ಸವರಿ. ಕುಂಡದಲ್ಲಿ ಪೈಪಿಗಾಗುವಷ್ಟು ಗಂಟು ಬೆಳೆಯುತ್ತದೆಂದು ಕಾಯಬೇಡಿ.